ಎರಡನೇ ಲೆನ್ಸ್ ಕೊಳ್ಳುತ್ತೀರಾ?

ಕ್ಯಾಮೆರಾ ಅಂಗಡಿಯಲ್ಲಿ ಗಿರಾಕಿಗಳು ಕೇಳುವ ಮೊದಲ ಪ್ರಶ್ನೆ ಈಗಲೂ ‘ಎಷ್ಟು ಮೆಗಾಪಿಕ್ಸೆಲ್?’ ಎಂಬುದೇ. ಎರಡನೆಯದು ‘ಎಷ್ಟು ಝೂಮ್?’ ಮಿರರ್‌ಲೆಸ್ ತೆಗೆದುಕೊಳ್ಳಲೋ, ಜೇಬಿಗೆ ಇಳಿಯುವ ಅಲ್ಟ್ರಾಕಾಂಪ್ಯಾಕ್ಟ್ ತೆಗೆದುಕೊಳ್ಳಲೋ ಎಂದು ತಲೆ ಕೆಡಿಸಿಕೊಂಡವರಿಗೆ ಈ ಎರಡು ಪ್ರಶ್ನೆಗಳಿಂದ ದಾರಿ ಕಾಣುವುದಿಲ್ಲ. ಎರಡೂ ಬಗೆಯ ಕ್ಯಾಮೆರಾಗಳು ಇಂದು 20ರಿಂದ 24 ಮೆಗಾಪಿಕ್ಸೆಲ್ ಕೊಡುತ್ತವೆ. ಗೋಡೆಗೆ ತೂಗುಹಾಕುವ ದೊಡ್ಡ ಪ್ರಿಂಟಿಗೂ ಅಷ್ಟು ಧಾರಾಳ. ಸಲಹೆ ಕೇಳಿ ಬಂದವರಿಗೆ ನಾನು ಹಾಕುವುದು ಬೇರೆಯದೇ ಪ್ರಶ್ನೆ: ಪೆಟ್ಟಿಗೆಯ ಜೊತೆಗೇ ಬರುವ ಲೆನ್ಸ್ ಅಲ್ಲದೆ ಇನ್ನೊಂದು ಲೆನ್ಸ್ ಕೊಳ್ಳುವ ಮನಸ್ಸು ನಿಮಗಿದೆಯೇ? ಇದ್ದರೆ ಮಿರರ್‌ಲೆಸ್ ತೆಗೆದುಕೊಳ್ಳಿ. ಇಲ್ಲದಿದ್ದರೆ, ಒಂದೆರಡು ಸಂದರ್ಭ ಬಿಟ್ಟು, ಒಳ್ಳೆಯ ಅಲ್ಟ್ರಾಕಾಂಪ್ಯಾಕ್ಟೇ ನಿಮಗೆ ಸರಿ.

ಇದು ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, ಸಣ್ಣದರಲ್ಲಿ ಸಾಧಾರಣವಾಗಿ ಬರುತ್ತದೆ ಎಂಬುದು ಎಲ್ಲರೂ ನಂಬಿರುವ ಮಾತು. ಅದು ಎಷ್ಟರಮಟ್ಟಿಗೆ ನಿಜ, ಎಲ್ಲಿ ಸುಳ್ಳು ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಲೆಕ್ಕ ಕಷ್ಟದ್ದೇನಲ್ಲ, ಭಾಗಾಕಾರ ಬಂದರೆ ಸಾಕು.

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತಿತ್ತು. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಮುಟ್ಟಿಸುತ್ತಿತ್ತು. ಗುಂಡಿ ಒತ್ತಿದ ಕೂಡಲೇ ಕನ್ನಡಿ ಮೇಲಕ್ಕೆ ಮಡಚಿಕೊಂಡು ಬೆಳಕು ಫಿಲ್ಮಿನ ಮೇಲೆ ಬೀಳಲು ದಾರಿ ಬಿಡುತ್ತಿತ್ತು. ಡಿಜಿಟಲ್ ಸೆನ್ಸರ್ ಬಂದ ಮೇಲೆ ಅದು ಕಾಣುತ್ತಿರುವುದನ್ನೇ ನೇರವಾಗಿ ಪರದೆಯ ಮೇಲೆ ನೋಡಬಹುದಾದ್ದರಿಂದ ಕನ್ನಡಿಗೆ ಕೆಲಸ ಉಳಿಯಲಿಲ್ಲ; ಕನ್ನಡಿಯಿಲ್ಲದ ಈ ಕ್ಯಾಮೆರಾಗಳೇ ಮಿರರ್‌ಲೆಸ್. 2008ರಲ್ಲಿ ಪ್ಯಾನಸಾನಿಕ್ ತಂದ ಲುಮಿಕ್ಸ್ ಜಿ1 ಈ ದಾರಿಯಲ್ಲಿ ದೊಡ್ಡ ಹೆಜ್ಜೆ. 2013ರಲ್ಲಿ ಸೋನಿ ಎ7 ಬಂತು, 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಕೂಡ ತಮ್ಮ 36×24 ಮಿ.ಮೀ. ಸೆನ್ಸರಿನ ಫುಲ್‌ಫ್ರೇಮ್ ಮಿರರ್‌ಲೆಸ್‌ಗಳೊಂದಿಗೆ ಇದೇ ದಾರಿಗೆ ಬಂದವು. ಕ್ಯಾನನ್ ಎಸ್‌ಎಲ್‌ಆರ್‌ಗಳಲ್ಲಿ ಲೆನ್ಸ್ ಕೂರುವ ಉಂಗುರಕ್ಕೂ ಸೆನ್ಸರಿಗೂ ನಡುವೆ 44 ಮಿ.ಮೀ. ಅಂತರವಿತ್ತು, ಅದೇ ಕಂಪನಿಯ ಮಿರರ್‌ಲೆಸ್‌ನಲ್ಲಿ ಅದು 20 ಮಿ.ಮೀ.ಗೆ ಇಳಿಯಿತು. ಹೀಗೆ ಕ್ಯಾಮೆರಾದ ಬಾಡಿ ತೆಳ್ಳಗಾಯಿತು. ಆದರೆ ಮುಂದೆ ಹಾಕುವ ಲೆನ್ಸಿನ ಗಾಜು ಅಷ್ಟಾಗಿ ತೆಳ್ಳಗಾಗಲಿಲ್ಲ. ಬರೀ ಬಾಡಿಯನ್ನು ಕೈಯಲ್ಲಿ ಹಿಡಿದು ‘ಎಷ್ಟು ಹಗುರ!’ ಎಂದು ಬೆರಗಾಗಿ ಕೊಂಡವರು ಲೆನ್ಸ್ ಹಾಕಿದ ಮೇಲೆ ಅದನ್ನು ಬ್ಯಾಗಿನಿಂದ ಹೊರಗೆ ತೆಗೆಯದಿರುವುದು ಇದೇ ಕಾರಣಕ್ಕೆ.

ಅಲ್ಟ್ರಾಕಾಂಪ್ಯಾಕ್ಟ್ ಎಂದರೆ ಆಫ್ ಮಾಡಿದಾಗ ಲೆನ್ಸ್ ಒಳಕ್ಕೆ ಸೇರಿಕೊಂಡು, ಪ್ಯಾಂಟಿನ ಜೇಬಿನಲ್ಲಿ ಕೂರುವ, ಸುಮಾರು 300 ಗ್ರಾಂ ಒಳಗಿನ ಕ್ಯಾಮೆರಾ. ಅದರ ಲೆನ್ಸ್ ಬದಲಾಯಿಸಲು ಬರುವುದಿಲ್ಲ. ಒಂದು ಕಾಲದಲ್ಲಿ ಪ್ರವಾಸ ಹೊರಟ ಪ್ರತಿ ಕುಟುಂಬದ ಕೈಯಲ್ಲೂ ಇಂಥದೊಂದು ಇರುತ್ತಿತ್ತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಡಿಜಿಟಲ್ ಕ್ಯಾಮೆರಾಗಳು ಸುಮಾರು 12 ಕೋಟಿ. ಅವುಗಳಲ್ಲಿ ಬಹುಪಾಲು ಇವೇ ಪುಟ್ಟ ಕ್ಯಾಮೆರಾಗಳು. 2023ರ ಹೊತ್ತಿಗೆ ಎಲ್ಲ ಬಗೆಯವೂ ಸೇರಿ ಒಂದು ಕೋಟಿಯೂ ಆಗಲಿಲ್ಲ. ಮಾರುಕಟ್ಟೆಯನ್ನು ನುಂಗಿದ್ದು ಮೊಬೈಲ್ ಫೋನ್. ನುಂಗಿದ್ದು ನ್ಯಾಯವೇ ಆಗಿತ್ತು, ಏಕೆಂದರೆ ಅಗ್ಗದ ಕಾಂಪ್ಯಾಕ್ಟ್‌ಗಳೊಳಗಿನ ಸೆನ್ಸರ್ ಬರೀ 6.2×4.6 ಮಿ.ಮೀ. ಅಳತೆಯದು, ಒಂದು ತೊಗರಿಕಾಳಿನಷ್ಟು. ಇಂದಿನ ಒಳ್ಳೆಯ ಫೋನುಗಳ ಮುಖ್ಯ ಕ್ಯಾಮೆರಾದ ಸೆನ್ಸರ್ ಅದಕ್ಕಿಂತ ದೊಡ್ಡದು. ಫೋನು ಒಂದೇ ಕ್ಷಣದಲ್ಲಿ ಹಲವು ಚಿತ್ರ ತೆಗೆದು ಅವನ್ನು ಬೆರೆಸಿ ನಾಯ್ಸ್ (ಮಂದ ಬೆಳಕಿನ ಚಿತ್ರದಲ್ಲಿ ಕಾಣುವ ಕಾಳುಕಾಳು) ಕಡಿಮೆ ಮಾಡುವ ಕೆಲಸವನ್ನೂ ಮಾಡುತ್ತದೆ. ಆದ್ದರಿಂದ ಈ ತೊಗರಿಕಾಳಿನ ಸೆನ್ಸರಿನ ಕ್ಯಾಮೆರಾ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಚಿತ್ರದ ಗುಣಮಟ್ಟಕ್ಕಾಗಿ ಕೊಳ್ಳಬೇಡಿ. ಹಳೆಯ ಡಿಜಿಕ್ಯಾಮ್‌ಗಳ ಬಣ್ಣ ಇಷ್ಟ ಎಂದು ಕಾಲೇಜು ಹುಡುಗ ಹುಡುಗಿಯರು ಈಗ ಅವನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ಆ ಸಂತೋಷ ಬೇರೆ, ಅದಕ್ಕೆ ನನ್ನ ತಕರಾರಿಲ್ಲ.

ಇವತ್ತು ಫೋನಿನ ಎದುರು ನಿಲ್ಲಬಲ್ಲ ಅಲ್ಟ್ರಾಕಾಂಪ್ಯಾಕ್ಟ್‌ಗಳು ಎರಡೇ ಬಗೆ. ಒಂದು, ‘1 ಇಂಚ್’ ಸೆನ್ಸರಿನವು. ಹೆಸರು ಇಂಚಿನದಾದರೂ ಸೆನ್ಸರಿನ ನಿಜವಾದ ಅಳತೆ 13.2×8.8 ಮಿ.ಮೀ.; ಹಳೆಯ ಟಿ.ವಿ. ಕ್ಯಾಮೆರಾ ಕೊಳವೆಗಳ ಕಾಲದ ಲೆಕ್ಕ ಹಾಗೇ ಉಳಿದುಬಂದಿದೆ. 2012ರಲ್ಲಿ ಸೋನಿ ಆರ್‌ಎಕ್ಸ್100 ಈ ಸೆನ್ಸರನ್ನು 240 ಗ್ರಾಂ ತೂಕದ ಕ್ಯಾಮೆರಾದೊಳಗೆ ಕೂರಿಸಿದಾಗ ಇಡೀ ಉದ್ಯಮ ತಿರುಗಿ ನೋಡಿತು. ಕ್ಯಾನನ್ನಿನ ಜಿ7ಎಕ್ಸ್ ಸರಣಿಯೂ ಇದೇ ಜಾತಿಯದು. ಇನ್ನೊಂದು ಬಗೆ ರಿಕೋ ಜಿಆರ್. 2019ರಲ್ಲಿ ಬಂದ ಜಿಆರ್ 3ರ ತೂಕ ಬ್ಯಾಟರಿ ಸೇರಿ 257 ಗ್ರಾಂ. ಅದರೊಳಗಿನ ಸೆನ್ಸರ್ ಮಾತ್ರ ಮಧ್ಯಮ ದರ್ಜೆಯ ಮಿರರ್‌ಲೆಸ್‌ಗಳಲ್ಲಿರುವ ಎಪಿಎಸ್-ಸಿ ಅಳತೆಯದೇ, ಸುಮಾರು 23.5×15.6 ಮಿ.ಮೀ. ಇಷ್ಟನ್ನು ಇಷ್ಟು ಚಿಕ್ಕದರಲ್ಲಿ ಕೊಡಲು ರಿಕೋದವರು ಝೂಮನ್ನೇ ಬಿಟ್ಟರು.

ಈಗ ಲೆಕ್ಕಕ್ಕೆ ಬರೋಣ. ಒಂದೇ ದೃಶ್ಯವನ್ನು ಒಂದೇ ಜಾಗದಲ್ಲಿ ನಿಂತು, ಒಂದೇ ಶಟರ್ ವೇಗದಲ್ಲಿ ಎರಡು ಕ್ಯಾಮೆರಾಗಳಿಂದ ತೆಗೆದರೆ, ಯಾವುದರೊಳಗೆ ಹೆಚ್ಚು ಬೆಳಕು ಹೋಗುತ್ತದೋ ಅದರಲ್ಲಿ ನಾಯ್ಸ್ ಕಡಿಮೆ. ಹೆಚ್ಚು ಬೆಳಕು ಹೋಗುವುದು ಯಾವುದರೊಳಗೆ? ದೊಡ್ಡ ಸೆನ್ಸರಿನದರೊಳಗೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಬೆಳಕು ಒಳಬರುವುದು ಲೆನ್ಸಿನ ಕಿಂಡಿಯಿಂದ. ಎಫ್ ಸಂಖ್ಯೆ ಎಂದು ಲೆನ್ಸಿನ ಮೇಲೆ ಬರೆದಿರುತ್ತಾರಲ್ಲ, ಅದು ಫೋಕಲ್ ಲೆಂಗ್ತನ್ನು (ಲೆನ್ಸಿನ ಮೇಲಿನ ಮಿ.ಮೀ. ಅಂಕವನ್ನು) ಈ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಉತ್ತರ. ಅದನ್ನೇ ತಿರುಗಿಸಿ ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಕಿಂಡಿ ಎಷ್ಟು ಅಗಲ ಎಂಬುದು ಸಿಗುತ್ತದೆ.

ಒಂದೇ ಕಂಪನಿಯ ಎರಡು ಕ್ಯಾಮೆರಾಗಳನ್ನು ತೆಗೆದುಕೊಳ್ಳುತ್ತೇನೆ. ಕ್ಯಾನನ್ ಆರ್50, 2023ರಲ್ಲಿ ಬಂದ ಎಪಿಎಸ್-ಸಿ ಮಿರರ್‌ಲೆಸ್. ಹೊಸದಾಗಿ ಕಲಿಯುವವರಿಗೆ ಅಂಗಡಿಯವರು ತೋರಿಸುವುದು ಇಂಥದನ್ನೇ. ಅದರ ಪೆಟ್ಟಿಗೆಯ ಜೊತೆಗೇ ಬರುವ ಕಿಟ್ ಲೆನ್ಸ್ 18–45 ಮಿ.ಮೀ., ಎಫ್ 4.5ರಿಂದ 6.3. ಝೂಮನ್ನು ಪೂರ್ತಿ ಎಳೆದಾಗ 45ನ್ನು 6.3ರಿಂದ ಭಾಗಿಸಿ: ಕಿಂಡಿಯ ಅಗಲ 7.1 ಮಿ.ಮೀ. ಇನ್ನೊಂದು ಜಿ7ಎಕ್ಸ್ ಮಾರ್ಕ್ 3, 304 ಗ್ರಾಂ ತೂಕದ ಜೇಬಿನ ಕ್ಯಾಮೆರಾ. ಅದರ ಲೆನ್ಸ್ 8.8–36.8 ಮಿ.ಮೀ., ಎಫ್ 1.8ರಿಂದ 2.8. ಆರ್50ರ ಕಿಟ್ ಲೆನ್ಸ್ ಕಾಣುವಷ್ಟೇ ದೃಶ್ಯ ಕಾಣಬೇಕೆಂದರೆ ಇದನ್ನು ಸುಮಾರು 26.5 ಮಿ.ಮೀ.ವರೆಗೆ ಎಳೆಯಬೇಕು. ಆಗ ಕಿಂಡಿ 9.5 ಮಿ.ಮೀ. ಅಗಲ. ವಿಸ್ತೀರ್ಣಕ್ಕೆ ಪರಿವರ್ತಿಸಿದರೆ ಜೇಬಿನ ಕ್ಯಾಮೆರಾದೊಳಗೆ ಬೀಳುವ ಬೆಳಕು ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು. ಸೆನ್ಸರ್ ಮೂರನೇ ಒಂದು ಪಾಲು ಇದ್ದರೂ, ಸಂಜೆಯ ಮಂದ ಬೆಳಕಿನಲ್ಲಿ, ಟ್ಯೂಬ್‌ಲೈಟಿನ ಪಡಸಾಲೆಯಲ್ಲಿ, ಕಿಟ್ ಲೆನ್ಸ್ ಹಾಕಿಕೊಂಡ ಮಿರರ್‌ಲೆಸ್‌ಗೆ ಇದು ಸೋಲುವುದಿಲ್ಲ.

ಇದನ್ನು ತಿಳಿದ ಮೇಲೆ ಕಿಟ್ ಲೆನ್ಸ್ ಒಂದನ್ನೇ ನೆಚ್ಚಿಕೊಂಡು ಮಿರರ್‌ಲೆಸ್ ಕೊಳ್ಳುವುದರಲ್ಲಿ ಅರ್ಥವೇನಿದೆ ಎಂದು ನಾನು ಕೇಳುತ್ತೇನೆ. ದೊಡ್ಡ ಸೆನ್ಸರಿಗೆ ದುಡ್ಡು ಕೊಟ್ಟು, ಅದರ ಮುಂದೆ ಕಿರಿದಾದ ಕಿಂಡಿಯನ್ನು ಕೂರಿಸಿ, ಭಾರವನ್ನು ಮಾತ್ರ ಹೊತ್ತಂತಾಯಿತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಡೆದಿರುವುದು ಇದೇ. ಮಗು ಹುಟ್ಟಿತು ಎಂದು ಕ್ಯಾಮೆರಾ ಬರುತ್ತದೆ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಅದು ಬೀರು ಸೇರಿರುತ್ತದೆ.

ಇದಕ್ಕೊಂದು ತಿದ್ದುಪಡಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮೇಲಿನ ಲೆಕ್ಕ ಬೆಳಕು ಸಾಲದಿರುವಾಗಿನದು. ಬೇಕಾದಷ್ಟು ಬೆಳಕಿದ್ದಾಗ ಕಿಂಡಿಯ ಮಾತು ಹಿಂದೆ ಸರಿದು ಸೆನ್ಸರ್ ಎಷ್ಟು ಬೆಳಕನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬ ಮಾತು ಮುಂದೆ ಬರುತ್ತದೆ. ಹಂಪಿಯಲ್ಲಿ ಮಟಮಟ ಮಧ್ಯಾಹ್ನ ವಿಠ್ಠಲ ದೇವಾಲಯದ ಮಂಟಪದೊಳಗೆ ನಿಂತು ಹೊರಗೆ ನೋಡಿ. ಕಂಬದ ನೆರಳು ಕಪ್ಪು, ಆಚೆಯ ಅಂಗಳ ಕಣ್ಣು ಕೋರೈಸುವ ಬಿಳಿ. ಎರಡರ ವಿವರವೂ ಒಂದೇ ಚಿತ್ರದಲ್ಲಿ ಉಳಿಯಬೇಕಾದರೆ ದೊಡ್ಡ ಸೆನ್ಸರಿಗೆ ಎದುರಿಲ್ಲ. ಬೆಳಗಿನ ಮಾತಂಗ ಬೆಟ್ಟ, ಮಳೆಗಾಲದ ಕರಾವಳಿಯ ಮೋಡ, ಇಂಥ ಭೂದೃಶ್ಯಗಳೇ ನಿಮ್ಮ ಪ್ರೀತಿಯಾದರೆ, ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಡುವ ರಾ ಫೈಲ್ ತೆಗೆದು ಮನೆಯಲ್ಲಿ ಕೂತು ತಿದ್ದುವ ತಾಳ್ಮೆಯೂ ಇದ್ದರೆ, ಕಿಟ್ ಲೆನ್ಸಿನ ಮಿರರ್‌ಲೆಸ್ ಕೂಡ ತನ್ನ ದುಡಿಮೆ ತೋರಿಸುತ್ತದೆ. ರಿಕೋ ಜಿಆರ್ ಕೂಡ ಇಲ್ಲಿ ಅಷ್ಟೇ ಗಟ್ಟಿ, ಸೆನ್ಸರ್ ಅದೇ ಅಳತೆಯದಲ್ಲವೇ.

ಎರಡನೇ ಲೆನ್ಸ್ ಬಂದಾಗ ಏನಾಗುತ್ತದೆ ಎಂಬುದಕ್ಕೆ ಯಕ್ಷಗಾನದ ಬಯಲಾಟಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ರಾತ್ರಿಯ ಹೊತ್ತು, ರಂಗಸ್ಥಳದ ಮೇಲಷ್ಟೇ ಬೆಳಕು. ಚಂಡೆ ಏರುತ್ತಿದ್ದಂತೆ ವೇಷಧಾರಿ ಧೀಂಗಿಣ ಹಾಕುತ್ತಾನೆ. ಆ ಸುತ್ತನ್ನು ಕದಲದಂತೆ ಹಿಡಿಯಬೇಕಾದರೆ ಶಟರ್ ಸೆಕೆಂಡಿನ 1/250 ಭಾಗಕ್ಕಾದರೂ ಹೋಗಬೇಕು. ಕೈ ಅಲುಗಿದರೆ ಸರಿಪಡಿಸುವ ಸ್ಟೆಬಿಲೈಸೇಶನ್ ಇಲ್ಲಿ ಉಪಯೋಗಕ್ಕೆ ಬಾರದು, ಅಲುಗುತ್ತಿರುವುದು ನಿಮ್ಮ ಕೈಯಲ್ಲ, ಕುಣಿಯುತ್ತಿರುವ ಕಲಾವಿದ. ಕಿಟ್ ಲೆನ್ಸಿನ ಎಫ್ 6.3ರಲ್ಲಿ ಐಎಸ್‌ಒ 6400 ಬೇಡುವ ಬೆಳಕು ಎಂದುಕೊಳ್ಳೋಣ. ಬೆಳಕು ಕಡಿಮೆಯಾದಷ್ಟೂ ಏರಿಸಬೇಕಾದ ಸಂವೇದನೆಯ ಅಂಕ ಐಎಸ್‌ಒ, ಅದು ಏರಿದಷ್ಟೂ ನಾಯ್ಸ್ ಹೆಚ್ಚು. ಮುಖದ ಬಣ್ಣಗಾರಿಕೆಯ ನವಿರು ಗೆರೆಗಳು ಆ ನಾಯ್ಸಿನಲ್ಲಿ ಕರಗಿಹೋಗುತ್ತವೆ. ಅದೇ ಆರ್50ಗೆ 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿ. ಕ್ಯಾನನ್ನಿನ ಅತಿ ಅಗ್ಗದ ಲೆನ್ಸುಗಳಲ್ಲಿ ಅದೂ ಒಂದು, ತೂಕ 160 ಗ್ರಾಂ. ಐಎಸ್‌ಒ ಸುಮಾರು 500ಕ್ಕೆ ಇಳಿಯುತ್ತದೆ. ಕಿಂಡಿಯ ಅಗಲ ಈಗ 27.8 ಮಿ.ಮೀ. ಅಷ್ಟೇ ದೃಶ್ಯಕ್ಕೆ ಜೇಬಿನ ಜಿ7ಎಕ್ಸ್ ತೆರೆಯಬಲ್ಲದ್ದು 10.5 ಮಿ.ಮೀ. ಮಾತ್ರ. ಬೆಳಕಿನಲ್ಲಿ ಏಳು ಪಟ್ಟು ವ್ಯತ್ಯಾಸ! ಕಿರೀಟದ ಒಂದೊಂದು ಮಣಿಯೂ, ಕಣ್ಣಿನ ಕೆಂಪೂ ಚಿತ್ರದಲ್ಲಿ ಉಳಿಯುತ್ತವೆ, ಹಿಂದಿನ ಪರದೆ ಮೆತ್ತಗೆ ಮಸುಕಾಗಿ ವೇಷ ಎದ್ದು ನಿಲ್ಲುತ್ತದೆ. ಮಿರರ್‌ಲೆಸ್ ಕೊಳ್ಳುವುದು ಇದಕ್ಕೆ. ಈ ಲೆನ್ಸನ್ನು ಕೊಳ್ಳದೆ ಮಿರರ್‌ಲೆಸ್ ಕೊಂಡವರು ಅರ್ಧ ಕ್ಯಾಮೆರಾ ಕೊಂಡಿದ್ದಾರೆ ಎಂದೇ ನನ್ನ ಅಭಿಪ್ರಾಯ. ಬಜೆಟ್ ಬಿಗಿಯಾಗಿದ್ದರೆ ಹೊಸ ಮಾಡೆಲಿನ ಬಾಡಿಯ ಆಸೆ ಬಿಟ್ಟು ಒಂದೆರಡು ತಲೆಮಾರು ಹಿಂದಿನದನ್ನು ತೆಗೆದುಕೊಳ್ಳಿ. ಉಳಿದ ದುಡ್ಡನ್ನು ಲೆನ್ಸಿಗೆ ಹಾಕಿ.

ಹಕ್ಕಿಗಳ ವಿಷಯ ಇನ್ನೂ ಸ್ಪಷ್ಟ. ನಮ್ಮ ನಾಡಿನಲ್ಲಿ ಹಕ್ಕಿ ಛಾಯಾಗ್ರಹಣದ ದೊಡ್ಡ ಪರಂಪರೆಯೇ ಇದೆ, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಫಿಲ್ಮಿನ ಕಾಲದಲ್ಲೇ ಜಗತ್ತು ಗಮನಿಸುವಂಥ ಕೆಲಸ ಮಾಡಿದರು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ತೋಟದಲ್ಲಿ ಹಕ್ಕಿಗಳ ಬೆನ್ನು ಹತ್ತಿದ್ದನ್ನು ಓದಿ ಎಷ್ಟೋ ಹುಡುಗರು ಕ್ಯಾಮೆರಾ ಹಿಡಿದರು. ಆ ಹುಚ್ಚು ನಿಮಗೂ ಇದ್ದರೆ ಅಲ್ಟ್ರಾಕಾಂಪ್ಯಾಕ್ಟಿನ ಕಡೆ ನೋಡಲೇಬೇಡಿ. ಫುಲ್‌ಫ್ರೇಮ್ ಲೆಕ್ಕದಲ್ಲಿ 24–720 ಮಿ.ಮೀ. ಎಂದು ಬರೆದುಕೊಂಡ ಜೇಬಿನ ಕ್ಯಾಮೆರಾಗಳೂ ಇವೆ, ನಿಜ. ಅವುಗಳ ಕಿಂಡಿ ಪೂರ್ತಿ ಝೂಮಿನಲ್ಲಿ 20 ಮಿ.ಮೀ. ಆಸುಪಾಸು. ಮಿರರ್‌ಲೆಸ್‌ನ ಹಗುರ ಟೆಲಿ ಲೆನ್ಸುಗಳಲ್ಲಿ ಒಂದಾದ 100–400 ಮಿ.ಮೀ. ಎಫ್ 8ರಲ್ಲಿ 50 ಮಿ.ಮೀ. ತೆರೆಯುತ್ತದೆ. ಬೆಳಕು ಆರು ಪಟ್ಟಿಗೂ ಹೆಚ್ಚು. ಜೊತೆಗೆ ಹಕ್ಕಿಯ ಕಣ್ಣನ್ನೇ ಗುರುತಿಸಿ ಅದು ಹಾರಿದರೂ ಫೋಕಸ್ ಬಿಡದಿರುವ ಜಾಣ್ಮೆ ಹೊಸ ಮಿರರ್‌ಲೆಸ್‌ಗಳಿಗೆ ಬಂದಿದೆ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಹಾರುವ ಬಣ್ಣದ ಕೊಕ್ಕರೆಯನ್ನು ಹಿಡಿಯಹೊರಟವರಿಗೆ ಅದರ ಬೆಲೆ ಗೊತ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮಾತ್ರ ಸ್ವಲ್ಪ ಬೇರೆ. ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುವುದರಿಂದ ಅಲ್ಲಿ ಚಿಕ್ಕ ಝೂಮೂ ನಡೆಯುತ್ತದೆ.

ಇಷ್ಟೆಲ್ಲ ಕೂಡಿಸಿದರೆ ಭಾರ ಎಷ್ಟು? ಆರ್50ರ ಬಾಡಿ 375 ಗ್ರಾಂ, ಕಿಟ್ ಲೆನ್ಸ್ 130, ಐವತ್ತರದ್ದು 160, 100–400ರದ್ದು 635. ಒಟ್ಟು 1 ಕಿಲೋ 300 ಗ್ರಾಂ. ಇದರ ಮೇಲೆ ಬ್ಯಾಗ್, ಚಾರ್ಜರ್. ಕಬಿನಿಗೋ ನಾಗರಹೊಳೆಗೋ ಅದಕ್ಕೆಂದೇ ಹೊರಟವರು ಇದನ್ನು ಸಂತೋಷವಾಗಿ ಹೊರುತ್ತಾರೆ. ಅಕ್ಕನ ಮಗಳ ನಾಮಕರಣಕ್ಕೆ, ಆಫೀಸಿನ ದಾರಿಗೆ, ಕೆ.ಆರ್. ಮಾರುಕಟ್ಟೆಯ ಹೂವಿನ ಅಂಗಡಿಗಳಿಗೆ ಯಾರೂ ಹೊರುವುದಿಲ್ಲ.

ಇಲ್ಲಿಂದ ಜೇಬಿನ ಕ್ಯಾಮೆರಾದ ಪರವಾಗಿ ಮಾತಾಡುತ್ತೇನೆ, ಏಕೆಂದರೆ ಅದನ್ನು ‘ಮಿರರ್‌ಲೆಸ್ ಕೊಳ್ಳಲಾಗದವರ ಕ್ಯಾಮೆರಾ’ ಎಂದು ತಿಳಿಯುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ಛಾಯಾಗ್ರಹಣದ ಚರಿತ್ರೆಯಲ್ಲಿ ಚಿಕ್ಕದಾಗಬೇಕೆಂಬ ಹಂಬಲವೇ ಹೊಸ ದಾರಿ ತೆರೆದಿದೆ. ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ಸೂಕ್ಷ್ಮದರ್ಶಕ ತಯಾರಿಸುತ್ತಿದ್ದ ಲೈಟ್ಸ್ ಕಂಪನಿಯ ಓಸ್ಕರ್ ಬಾರ್ನಾಕ್‌ಗೆ ಉಬ್ಬಸವಿತ್ತು. ಗಾಜಿನ ಪ್ಲೇಟುಗಳ ಭಾರೀ ಕ್ಯಾಮೆರಾವನ್ನು ಹೊತ್ತು ಬೆಟ್ಟ ಹತ್ತಲು ಆತನಿಂದ ಆಗುತ್ತಿರಲಿಲ್ಲ. ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಅದರ 18×24 ಮಿ.ಮೀ. ಚೌಕಟ್ಟನ್ನು ಇಮ್ಮಡಿ ಮಾಡಿ 36×24 ಮಿ.ಮೀ. ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾವನ್ನು 1914ರ ಹೊತ್ತಿಗೆ ಆತ ಮಾಡಿಕೊಂಡ. 1925ರಲ್ಲಿ ಅದೇ ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂದು ನಾವು ಫುಲ್‌ಫ್ರೇಮ್ ಎಂದು ಗೌರವದಿಂದ ಕರೆಯುವ 36×24 ಮಿ.ಮೀ. ಅಂದಿನ ಪುಟಾಣಿ ಅಳತೆ. ಅದನ್ನು ಹಿಡಿದವರು ಸ್ಟುಡಿಯೋ ಬಿಟ್ಟು ಬೀದಿಗೆ ಇಳಿದರು.

ಆ ಬೀದಿಯ ಪರಂಪರೆಯನ್ನು ಇಂದಿಗೆ ತಂದು ನಿಲ್ಲಿಸಿರುವುದು ಜಿಆರ್‌ನಂಥ ಕ್ಯಾಮೆರಾಗಳು. ಜಪಾನಿನ ದೊಡ್ಡ ಛಾಯಾಗ್ರಾಹಕ ದೈದೊ ಮೊರಿಯಾಮ ದಶಕಗಳ ಕಾಲ ಟೋಕಿಯೋದ ಗಲ್ಲಿಗಳಲ್ಲಿ ಕಾಂಪ್ಯಾಕ್ಟ್ ಕ್ಯಾಮೆರಾಗಳನ್ನೇ ಹಿಡಿದು ಓಡಾಡಿದವರು, ಫಿಲ್ಮಿನ ಜಿಆರ್ ಸರಣಿಯೂ ಅವುಗಳಲ್ಲಿ ಸೇರಿದೆ. ದುಡ್ಡಿಲ್ಲದ್ದಕ್ಕೆ ಅಲ್ಲ, ಎದುರಿನವರು ಕ್ಯಾಮೆರಾ ಕಂಡು ಬಿಗಿಯಾಗಬಾರದೆಂದು. ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯಲ್ಲಿ ಸೇವಂತಿಗೆ ರಾಶಿಯ ಮುಂದೆ ದೊಡ್ಡ ಲೆನ್ಸ್ ಎತ್ತಿ ನೋಡಿ. ಹೂವು ಅಳೆಯುತ್ತಿದ್ದವರು ನಿಲ್ಲಿಸುತ್ತಾರೆ, ‘ಯಾವ ಪೇಪರ್ ಸಾರ್?’ ಎಂದು ಕೇಳುತ್ತಾರೆ. ಮೊಳ ಹಾಕುವ ಕೈಯ ಲಯ ಅಲ್ಲಿಗೆ ನಿಂತಿತು. ಅಂಗೈಯಲ್ಲಿ ಅಡಗುವ ಕ್ಯಾಮೆರಾ ಇದ್ದಾಗ ಆ ಲಯ ತಪ್ಪುವುದಿಲ್ಲ. ಜಿಆರ್‌ನಲ್ಲಿ ‘ಸ್ನ್ಯಾಪ್ ಫೋಕಸ್’ ಎಂಬ ವ್ಯವಸ್ಥೆಯಿದೆ: ಎರಡು ಮೀಟರ್ ಎಂದೋ ಒಂದೂವರೆ ಮೀಟರ್ ಎಂದೋ ದೂರವನ್ನು ಮೊದಲೇ ಗೊತ್ತುಮಾಡಿಟ್ಟರೆ ಗುಂಡಿಯನ್ನು ಪೂರ್ತಿ ಒತ್ತಿದ ತಕ್ಷಣ ಚಿತ್ರ ಬೀಳುತ್ತದೆ, ಫೋಕಸ್ ಹುಡುಕುವ ತಡವಿಲ್ಲ. ಹಾಗೆಂದು ಒಂದು ಮಾತು ಸೇರಿಸಲೇಬೇಕು. ಕ್ಯಾಮೆರಾ ಕಾಣದಷ್ಟು ಚಿಕ್ಕದಿದೆ ಎಂಬುದು ಜನರ ಒಪ್ಪಿಗೆ ಕೇಳದಿರಲು ನೆಪವಾಗಬಾರದು. ಬೇಡ ಎಂದವರ ಚಿತ್ರವನ್ನು ಅವರೆದುರೇ ಅಳಿಸಿಬಿಡಿ.

ಫೋನು ಇದನ್ನೆಲ್ಲ ಮಾಡುವುದಿಲ್ಲವೇ? ಬಹುಪಾಲು ಮಾಡುತ್ತದೆ. ಮಾಡುವುದೆಲ್ಲ ಸಾಕು ಅನ್ನಿಸಿದರೆ ಎರಡೂ ಕೊಳ್ಳಬೇಡಿ, ಅದೂ ಒಂದು ಒಳ್ಳೆಯ ತೀರ್ಮಾನ. ಫೋನಿಗೂ ಜೇಬಿನ ಕ್ಯಾಮೆರಾಕ್ಕೂ ಇರುವ ವ್ಯತ್ಯಾಸ ನನ್ನ ಮಟ್ಟಿಗೆ ಮೂರು: ಬೆರಳಿಗೆ ಸಿಗುವ ನಿಜವಾದ ಗುಂಡಿಗಳು, ಗಾಜಿನಿಂದಲೇ ಆಗುವ ಝೂಮ್, ತಿದ್ದಲು ಬೇಕಾದಷ್ಟು ಅವಕಾಶವಿರುವ ರಾ ಫೈಲ್. ಹಬ್ಬದ ಗದ್ದಲದಲ್ಲಿ ಫೋನು ಕರೆ ಬಂದು ನಡುಗುತ್ತಿರುತ್ತದೆ, ಕ್ಯಾಮೆರಾಕ್ಕೆ ಆ ಕಾಟವಿಲ್ಲ.

ಅಲ್ಟ್ರಾಕಾಂಪ್ಯಾಕ್ಟ್ ಕೊಳ್ಳುವಾಗಲೂ ಲೆನ್ಸಿನ ಲೆಕ್ಕ ಬಿಡಬಾರದು. ಸೋನಿ ಆರ್‌ಎಕ್ಸ್100ರ ಮಾರ್ಕ್ 5ರವರೆಗಿನ ಮೂರು ತಲೆಮಾರುಗಳಲ್ಲಿ, ಫುಲ್‌ಫ್ರೇಮ್ ಲೆಕ್ಕದಲ್ಲಿ ಹೇಳುವುದಾದರೆ, 24–70 ಮಿ.ಮೀ. ಎಫ್ 1.8–2.8 ಲೆನ್ಸ್ ಇತ್ತು. 2018ರ ಮಾರ್ಕ್ 6ರಿಂದ ಅದು 24–200 ಮಿ.ಮೀ. ಎಫ್ 2.8–4.5 ಆಯಿತು. ನೋಡಲು ಒಂದೇ ಥರ, ಹೆಸರೂ ಒಂದೇ. ಹೊಸದು ದೂರ ನೋಡುತ್ತದೆ, ಆದರೆ ವೈಡ್‌ನಲ್ಲಿ ಹಳೆಯದರ ಅರ್ಧಕ್ಕಿಂತ ಕಡಿಮೆ ಬೆಳಕು ತೆಗೆದುಕೊಳ್ಳುತ್ತದೆ. ಮನೆಯೊಳಗೆ ಮಕ್ಕಳ ಚಿತ್ರ ತೆಗೆಯುವವರಿಗೆ ಹಳೆಯದೇ ವಾಸಿ, ಊರೂರು ಸುತ್ತುವವರಿಗೆ ಹೊಸದು.

ಸಂಗೀತ ಕಚೇರಿ, ಹೋಮ, ಪ್ರವಚನ ಇಂಥ ಕಡೆ ಪುಟ್ಟ ಕ್ಯಾಮೆರಾಕ್ಕೆ ಇನ್ನೊಂದು ಗುಣವಿದೆ. ಅದರ ಶಟರ್ ಲೆನ್ಸಿನೊಳಗೇ ಎಲೆಯಂತೆ ತೆರೆದು ಮುಚ್ಚುವುದರಿಂದ ಸದ್ದು ಬಹುತೇಕ ಕೇಳಿಸದು. ಮಿರರ್‌ಲೆಸ್‌ನಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆ, ಆದರೆ ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ ಮಿನುಗುವ ಎಲ್‌ಇಡಿ ದೀಪಗಳ ಕೆಳಗೆ ಚಿತ್ರದ ತುಂಬ ಪಟ್ಟೆಗಳು ಮೂಡಬಹುದು.

ಕೊರತೆಗಳೂ ಇವೆ. ಪುಟ್ಟ ಬ್ಯಾಟರಿ 200ರಿಂದ 260 ಚಿತ್ರಕ್ಕೆ ಮುಗಿಯುತ್ತದೆ, ಜೇಬಿನಲ್ಲಿ ಇನ್ನೊಂದು ಇರಲೇಬೇಕು. ಜಿಆರ್ 3, ಜಿ7ಎಕ್ಸ್ ಎರಡಕ್ಕೂ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ರಾಯಚೂರಿನ ಬಿಸಿಲಿನಲ್ಲಿ ಪರದೆ ನೋಡಿ ಚಿತ್ರ ಕಟ್ಟುವುದು ಕಷ್ಟ. ಹೆಚ್ಚು ಚಿಂತೆಯ ವಿಷಯ ಧೂಳು ಮತ್ತು ಫಂಗಸ್. ಹೊರಗೆ ಚಾಚಿ ಒಳಗೆ ಸರಿಯುವ ಲೆನ್ಸ್ ಪ್ರತಿ ಸಲವೂ ಗಾಳಿಯನ್ನು ಎಳೆದುಕೊಳ್ಳುತ್ತದೆ, ಜೇಬಿನ ನೂಲಿನ ಎಳೆಯೂ ಮಲ್ಪೆಯ ಮರಳೂ ಅದರ ಜೊತೆ ಒಳಗೆ ಹೋಗುತ್ತವೆ. ಒಂದು ಮರಳುಕಣ ಝೂಮಿನ ಗಿಯರಿಗೆ ಸಿಕ್ಕಿದರೆ ಲೆನ್ಸ್ ಅಲ್ಲೇ ನಿಂತುಬಿಡಬಹುದು. ರಿಪೇರಿಯವರು ಸಾಮಾನ್ಯವಾಗಿ ಇಡೀ ಲೆನ್ಸ್ ಘಟಕವನ್ನೇ ಬದಲಾಯಿಸಬೇಕು ಎನ್ನುತ್ತಾರೆ. ಕಡಲ ದಂಡೆಯಲ್ಲಿ ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗಿಡಿ.

ಫಂಗಸ್ ಮಲೆನಾಡು, ಕರಾವಳಿಯವರ ಪಾಡು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿ ಚರ್ಮದ ಕವರಿನೊಳಗೆ ಮಲಗಿದ ಕ್ಯಾಮೆರಾದ ಗಾಜಿನ ಮೇಲೆ ಬಿಳಿ ಬೇರಿನಂಥ ಎಳೆಗಳು ಹಬ್ಬುತ್ತವೆ, ಗಾಜಿನ ಲೇಪವನ್ನೇ ತಿನ್ನುತ್ತವೆ. ಮಿರರ್‌ಲೆಸ್ ಆದರೆ ಕೆಟ್ಟ ಲೆನ್ಸ್ ಒಂದನ್ನೇ ಬಿಚ್ಚಿ ಕೊಡಬಹುದು, ಜೇಬಿನದರಲ್ಲಿ ಇಡೀ ಕ್ಯಾಮೆರಾವೇ ಹೋದಂತೆ. ಸಕಲೇಶಪುರದಲ್ಲೋ ಕುಂದಾಪುರದಲ್ಲೋ ಇರುವವರು ಕ್ಯಾಮೆರಾದ ಬಜೆಟ್ಟಿನಲ್ಲೇ ಒಂದು ಡ್ರೈ ಕ್ಯಾಬಿನೆಟ್ಟಿಗೂ ಜಾಗ ಮಾಡಿಕೊಳ್ಳಿ. ಅದರೊಳಗಿನ ತೇವ ಶೇ. 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಅದಾಗದಿದ್ದರೆ ಗಾಳಿಯಾಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್. ಬಣ್ಣ ಬದಲಾದಾಗ ಜೆಲ್ಲನ್ನು ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಮದ್ದು ಕ್ಯಾಮೆರಾವನ್ನು ಬಳಸುತ್ತಿರುವುದು, ಆಗಾಗ ಬೆಳಕಿಗೆ ತರುವುದು.

ಇನ್ನು ಕೊಳ್ಳುವ ಮಾತು. ಜೇಬಿನ ಕ್ಯಾಮೆರಾಗಳಿಗೆ ಈಚೆಗೆ ಬೇಡಿಕೆ ಏರಿ ಒಳ್ಳೆಯ ಮಾಡೆಲುಗಳು ಸುಲಭವಾಗಿ ಸಿಗುತ್ತಿಲ್ಲ. ಸಿಕ್ಕದ್ದನ್ನು ಬಿಲ್ ಇಲ್ಲದೆ, ಹೊರದೇಶದಿಂದ ತಂದದ್ದೆಂದು ಕಡಿಮೆಗೆ ಕೊಡುವವರಿದ್ದಾರೆ. ಭಾರತದ ವಾರಂಟಿ ಇಲ್ಲದ ಪುಟ್ಟ ಕ್ಯಾಮೆರಾ ತೆಗೆದುಕೊಳ್ಳುವುದು, ಮೇಲೆ ಹೇಳಿದ ಗಿಯರು ಗಾಜುಗಳ ಕಾರಣಕ್ಕೆ, ವಾರಂಟಿ ಇಲ್ಲದ ಮಿರರ್‌ಲೆಸ್ ತೆಗೆದುಕೊಳ್ಳುವುದಕ್ಕಿಂತ ದೊಡ್ಡ ಅಪಾಯ. ಆದ್ದರಿಂದ ಬಿಲ್ ಪಡೆಯಿರಿ, ಸೀರಿಯಲ್ ನಂಬರನ್ನು ಬಿಲ್ಲಿನ ಮೇಲೆ ಬರೆಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೊಬೈಲಿನ ಟಾರ್ಚನ್ನು ಲೆನ್ಸಿನ ಮೇಲೆ ಓರೆಯಾಗಿ ಹಾಯಿಸಿ ಎಳೆಗಳಿವೆಯೇ ನೋಡಿ. ಆನ್ ಆಫ್ ಮಾಡಿ, ಝೂಮನ್ನು ಹಲವು ಸಲ ಎಳೆದು ಬಿಡಿ. ಎಲ್ಲಾದರೂ ಕರಕರ ಸದ್ದು ಬಂದರೆ, ತಡವರಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಆಮೇಲೆ ಅಪರ್ಚರನ್ನು ಎಫ್ 11ಕ್ಕೋ 16ಕ್ಕೋ ಕಿರಿದು ಮಾಡಿ ಬಿಳಿ ಗೋಡೆಯದೊಂದು ಚಿತ್ರ ತೆಗೆದು ಪರದೆಯಲ್ಲಿ ಹಿಗ್ಗಿಸಿ ನೋಡಿ. ದುಂಡಗಿನ ಬೂದು ಕಲೆಗಳು ಕಂಡರೆ ಸೆನ್ಸರಿನ ಮೇಲೆ ಧೂಳಿದೆ. ಮಿರರ್‌ಲೆಸ್ ಆದರೆ ಲೆನ್ಸ್ ಬಿಚ್ಚಿ, ರಬ್ಬರ್ ಬ್ಲೋವರಿನಿಂದ ಊದಿ ಇನ್ನೊಂದು ಚಿತ್ರ ತೆಗೆಯಿರಿ, ಬಹಳ ಸಲ ಹೋಗಿರುತ್ತದೆ. ಜೇಬಿನ ಕ್ಯಾಮೆರಾ ಆದರೆ ಬಿಚ್ಚಿ ಒರೆಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಡಲು ಕೇಳಿ, ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.